ದಂಡಿನಲ್ಲಿ ಸೋದರಮಾವ

ನಮ್ಮ ಸೋದರಮಾವನ ಎಡಗೈ ಹೆಬ್ಬೆರಳಿನ ಉಗುರು ಉಗುರಿನ ಬಣ್ಣದಲ್ಲಿ ಇದ್ದದ್ದನ್ನು ನಾನು ಯಾವತ್ತೂ ನೋಡಿಲ್ಲ. ಒಂದು ವಾರ ನೇರಳೆ, ಇನ್ನೊಂದು ವಾರ ಇಟ್ಟಿಗೆ ಕೆಂಪು, ಕುದುರೆಗಳ ಸರದಿ ಬಂದಾಗ ಬೆಲ್ಲದ ಬಣ್ಣ. ಕುಂಚವನ್ನು ಬಣ್ಣದಲ್ಲಿ ಅದ್ದಿ, ಜಾಸ್ತಿಯಾದದ್ದನ್ನು ಆ ಉಗುರಿನ ಮೇಲೆ ಸವರಿ ತೆಗೆದು, ಆಮೇಲೆ ಸಿಪಾಯಿಯ ಮೈಗೆ ಮುಟ್ಟಿಸುತ್ತಿದ್ದರು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಳೇಪೇಟೆಯ ಅಂಗಡಿಯಲ್ಲಿ ಕೂತಾಗ, ಗಾಜಿನ ಬಳೆ ಕೊಳ್ಳಲು ಬಂದ ಹೆಂಗಸರು ಬಳೆ ಬಿಟ್ಟು ಆ ಉಗುರನ್ನೇ ನೋಡುತ್ತಿದ್ದರು. ಒಬ್ಬಾಕೆ ಧೈರ್ಯ ಮಾಡಿ, "ಏನ್ ಶೆಟ್ರೇ, ಒಂದೇ ಬೆರಳಿಗೆ ನೈಲ್ ಪಾಲಿಶಾ?" ಎಂದು ಕೇಳಿಯೇಬಿಟ್ಟಳು. "ಹೂಂ ಕಣಮ್ಮ, ಮಿಕ್ಕ ಒಂಬತ್ತಕ್ಕೆ ಪುರುಸೊತ್ತಾಗಿಲ್ಲ" ಎಂದರು ಮಾಮ, ಮುಖ ಒಂಚೂರೂ ಬದಲಾಗದೆ.

ಅವರ ಸಿಪಾಯಿಗಳು ಆ ಉಗುರಿನಷ್ಟೇ ಎತ್ತರದವರು. ಬೂದು ಲೋಹದಲ್ಲಿ ಎರಕ ಹೊಯ್ದ ಪುಟ್ಟ ಪುಟ್ಟ ಬೊಂಬೆಗಳು ಪರದೇಶದಿಂದ ಅಂಚೆಯಲ್ಲಿ ಪೊಟ್ಟಣ ಕಟ್ಟಿಕೊಂಡು ಬರುತ್ತಿದ್ದವು. ಹಳೆಯ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಹೂಡಿ, ದಾಳ ಉರುಳಿಸಿ ಆಡುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರಂತೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಮಾಸಪತ್ರಿಕೆಯಿಂದ ಮಾಮನಿಗೆ ಆ ಹುಚ್ಚು ಹತ್ತಿತು. ಆಗ ಅವರಿಗೆ ನಲವತ್ತೈದು ದಾಟಿತ್ತು. ಆದರೆ ಅವರು ಒಂದು ದಿನವೂ ದಾಳ ಮುಟ್ಟಲಿಲ್ಲ. "ಆಡಿದ್ರೆ ಯಾರಾದ್ರೂ ಸಾಯ್ಬೇಕಲ್ಲ ಕಣೇ. ಇಷ್ಟು ಕಷ್ಟಪಟ್ಟು ಮೀಸೆ ಬರ್ದಿರ್ತೀನಿ, ಅವನ್ನ ಸಾಯ್ಸೋದಾ?" ಎನ್ನುತ್ತಿದ್ದರು.

ಚಾಮರಾಜಪೇಟೆಯ ಅವರ ಮನೆಯ ನಡುಮನೆಯಲ್ಲಿ, ಪೂರ್ವದ ಕಿಟಕಿಯ ಕೆಳಗೆ, ಒಂದು ಹಳೇ ಟೈಲರ್ ಮೇಜು. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅಂಗಡಿಗೆ ಹೊರಡುವ ತನಕ ಎರಡು ಗಂಟೆ ಅಲ್ಲಿ ಕೂರುವರು. ಬಳೆ ತುಂಬಿ ಬರುವ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ, ಹತ್ತು ಹತ್ತು ಸಿಪಾಯಿಗಳನ್ನು ಅಂಟಿನಿಂದ ಸಾಲಾಗಿ ನಿಲ್ಲಿಸಿಕೊಳ್ಳುವರು. ಹತ್ತೂ ಜನಕ್ಕೆ ಮೊದಲು ಅಂಗಿ, ಆಮೇಲೆ ಹತ್ತೂ ಜನಕ್ಕೆ ರುಮಾಲು, ಆಮೇಲೆ ಬಂದೂಕು. ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡಿಕೊಳ್ಳುವ ಕೆಟ್ಟ ಅಭ್ಯಾಸ ಬೇರೆ. ಮಧ್ಯಾಹ್ನ ಊಟಕ್ಕೆ ಬಾಯಿ ತೆರೆದರೆ ಅಂದು ಯಾವ ಪಡೆಯ ಕೆಲಸ ನಡೆದಿದೆ ಎಂದು ನಾಲಿಗೆ ನೋಡಿ ಹೇಳಬಹುದಾಗಿತ್ತು. ಅತ್ತೆ ಬೈದು ಬೈದು ಸಾಕಾಗಿ ಬಿಟ್ಟಿದ್ದರು.

ಮುಖಕ್ಕೆ ಮಾತ್ರ ಈ ಸಾಲಿನ ಲೆಕ್ಕ ಇರಲಿಲ್ಲ. ಮುಖ ಒಂದೊಂದೇ. ಒಬ್ಬನನ್ನು ರಟ್ಟಿನಿಂದ ಬಿಡಿಸಿ ಕೈಗೆ ತೆಗೆದುಕೊಂಡು, ಕನ್ನಡಕದ ಮೇಲೊಂದು ದಪ್ಪ ಗಾಜು ಇಳಿಬಿಟ್ಟುಕೊಂಡು, ಅವನಿಗೆ ಕಣ್ಣು, ಹುಬ್ಬು, ಮೀಸೆ ಬರೆದು, ಮುಗಿದ ಮೇಲೆ ಇನ್ನೊಬ್ಬ. ಒಬ್ಬನ ಮುಖ ಇನ್ನೊಬ್ಬನಿಗೆ ಹಾಕುತ್ತಿರಲಿಲ್ಲ. ಬಳೇಪೇಟೆಯ ಗಾಡಿ ತಳ್ಳುವವರು, ಕಲಾಸಿಪಾಳ್ಯದ ತರಕಾರಿ ಮಂಡಿಯ ಹಮಾಲರು, ನಮ್ಮ ಬೀದಿಯ ಇಸ್ತ್ರಿಯವನು, ಎಲ್ಲರೂ ಒಬ್ಬೊಬ್ಬರಾಗಿ ಆ ಸೈನ್ಯಕ್ಕೆ ಭರ್ತಿಯಾಗಿದ್ದರು. ಹಿಂದಿನ ಸಾಲಿನವನ ಮುಖ ಯಾರಿಗೆ ಕಾಣುತ್ತೆ, ಒಂದು ಚುಕ್ಕಿ ಇಟ್ಟು ಮುಗಿಸಬಾರದೇ ಎಂದು ನನ್ನ ಅಮ್ಮ ಒಮ್ಮೆ ಕೇಳಿದಳು. ಮಾಮ ಅವಳ ಅಣ್ಣ. ಚುಡಾಯಿಸುವ ಹಕ್ಕು ಅವಳಿಗಿತ್ತು. "ದಂಡಿನಲ್ಲಿ ಸೋದರಮಾವನೇ ಅಂತ ಗಾದೇನೇ ಇದೆ ಕಣೋ ಅಣ್ಣ. ದಂಡಲ್ಲಿ ಯಾರಿಗೆ ಯಾರು?" ಎಂದು ನಕ್ಕಳು.

ಮಾಮ ನಗಲಿಲ್ಲ. "ಆ ಗಾದೆ ಮಾಡಿದೋನು ಕುದುರೆ ಮೇಲೆ ಕೂತಿದ್ದ ಕಣೇ" ಎಂದರು. "ಕೆಳಗೆ ನಡ್ಕೊಂಡು ಹೋಗೋನನ್ನ ಕೇಳು. ಇದ್ರಲ್ಲಿ ಒಬ್ಬೊಬ್ಬನೂ ಯಾವ್ದೋ ಮಗೂಗೆ ಸೋದರಮಾವ. ಕಿವಿ ಚುಚ್ಸೋವಾಗ ತೊಡೆ ಮೇಲೆ ಕೂರಿಸ್ಕೊಂಡಿರ್ತಾನೆ. ಅವನಿಗೆ ಮುಖ ಬೇಡ್ವಾ?"

ಆಮೇಲೆ ನಮ್ಮ ಮನೆಯಲ್ಲಿ ಆ ಗಾದೆಯನ್ನು ಯಾರೂ ಗಾದೆಯ ಅರ್ಥದಲ್ಲಿ ಬಳಸಲಿಲ್ಲ. ದಂಡಿನಲ್ಲಿ ಸೋದರಮಾವ ಎಂದರೆ ಟೈಲರ್ ಮೇಜಿನ ಮುಂದೆ ಕೂತ ನಮ್ಮ ಮಾಮ, ಅಷ್ಟೇ.

ಇನ್ನೂರು ಮೂವತ್ತು ವರ್ಷದ ಹಿಂದೆ ಬೆಂಗಳೂರಿನ ಕೋಟೆಗೂ ಪೇಟೆಗೂ ನಡೆದ ಮುತ್ತಿಗೆ ಅವರ ವಿಷಯ. ಒಂದು ಕಡೆ ಹುಲಿಪಟ್ಟೆಯಂಥ ಬಿಳಿ ಚುಕ್ಕಿಗಳ ನೇರಳೆ ಅಂಗಿಯ ಮೈಸೂರಿನವರು, ಇನ್ನೊಂದು ಕಡೆ ಕೆಂಪು ಕೋಟಿನ ಕುಂಪಣಿಯವರು. ಎರಡೂ ಸೇರಿ ಎರಡು ಸಾವಿರಕ್ಕೆ ಕಡಿಮೆಯಿಲ್ಲ. ನೋಡಲು ಬಂದವರು ಕಾಫಿ ಕುಡಿದು ಮುಗಿಸುವ ಮೊದಲೇ, "ನೀವು ಯಾರ ಕಡೆ?" ಎಂದು ಕೇಳುತ್ತಿದ್ದರು. ಈಗಿನ ಕಾಲದಲ್ಲಿ ಅದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ ಎಂದು ನಮಗೆಲ್ಲ ಗೊತ್ತು. ಮಾಮನ ಉತ್ತರ ಸದಾ ಒಂದೇ. "ನಾನು ಪೇಟೆ ಕಡೆ. ಎರಡು ಕಡೆಯವರೂ ಬಡಿದಾಡಿ ಹಾಳ್ಮಾಡಿದ್ದು ನಮ್ಮ ಅಂಗಡೀನೇ." ಅದಕ್ಕೆ ಸಾಕ್ಷಿಯಾಗಿ ಸೈನ್ಯದ ನಡುವೆ ತಕ್ಕಡಿ ಹಿಡಿದ ವರ್ತಕರನ್ನೂ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಹೆಂಗಸರನ್ನೂ ನಿಲ್ಲಿಸಿದ್ದರು.

ಒಂದು ಸಲ ಬಲು ಮಜವಾದ ತಪ್ಪು ಮಾಡಿದರು. ಪೇಟೆಯ ಕಾವಲಿನವರಿಗೆ ಹಣೆಯ ಮೇಲೆ ಮೂರು ಗೆರೆ ವಿಭೂತಿ ಎಳೆಯುವ ಕೆಲಸ ಒಂದು ವಾರ ನಡೆದಿತ್ತು. ಆ ಕೈಗೆ ಅದೇ ಅಭ್ಯಾಸವಾಗಿ, ಮುಂದಿನ ಸೋಮವಾರ ಟೋಪಿಯಿಲ್ಲದೆ ಫಿರಂಗಿ ಪಕ್ಕ ನಿಂತ ಹತ್ತು ಜನ ಇಂಗ್ಲಿಷರಿಗೂ ಮೂರು ಮೂರು ಗೆರೆ ಎಳೆದುಬಿಟ್ಟರು. ನೀಲಿ ಕಣ್ಣು, ಕೆಂಪು ಕೋಟು, ಹಣೆಯಲ್ಲಿ ವಿಭೂತಿ. ನಾನು ನೋಡಿ ಬಿದ್ದು ಬಿದ್ದು ನಕ್ಕೆ. ಅಳಿಸುತ್ತಾರೆ ಎಂದುಕೊಂಡರೆ, "ಸೋಮವಾರ ಅಲ್ವಾ, ಇರ್ಲಿ ಬಿಡು. ಅವ್ರಿಗೂ ಪುಣ್ಯ ಬರ್ಲಿ" ಎಂದು ಹಾಗೇ ಒಣಗಲು ಇಟ್ಟರು. ಅವರು ಇವತ್ತಿಗೂ ಹಾಗೇ ಇದ್ದಾರೆ.

ಈಗ ನನ್ನ ವಿಷಯ ಹೇಳಬೇಕು. ಹೇಳದಿದ್ದರೆ ಮಾಮ ಯಾರೆಂದು ಪೂರ್ತಿ ತಿಳಿಯುವುದಿಲ್ಲ.

ನನಗೆ ಹದಿನಾಲ್ಕನೇ ವಯಸ್ಸಿನಿಂದ ಮುಖದ ಮೇಲೆ ತೊನ್ನು. ನೆಂಟರು ‘ಬಿಳಿ ಮಚ್ಚೆ’ ಎನ್ನುತ್ತಾರೆ, ಅದೂ ದನಿ ತಗ್ಗಿಸಿ. ನಾನು ತೊನ್ನು ಎಂದೇ ಹೇಳುತ್ತೇನೆ. ಬಾಯಿಯ ಸುತ್ತ ಒಂದು, ಎಡಗಣ್ಣನ್ನು ಬಳಸಿ ಒಂದು. ಅಂಟುವ ರೋಗವಲ್ಲ, ನೋವಿಲ್ಲ, ಏನೂ ಇಲ್ಲ. ನೋಡುವವರಿಗೇ ಕಷ್ಟ. ನನ್ನ ಅಕ್ಕನ ಮದುವೆ ಮಲ್ಲೇಶ್ವರದ ಒಂದು ಛತ್ರದಲ್ಲಿ ಆದಾಗ ನನಗೆ ಹತ್ತೊಂಬತ್ತು. ಆರತಿ ತಟ್ಟೆ ನನ್ನ ಕೈಗೆ ಬರದಂತೆ ಎಲ್ಲರೂ ಬಹಳ ನಾಜೂಕಾಗಿ ನೋಡಿಕೊಂಡರು. ಫೋಟೋಗೆ ನಿಲ್ಲುವ ಹೊತ್ತಿಗೆ ದೊಡ್ಡಮ್ಮ ನನ್ನ ಭುಜ ಹಿಡಿದು, "ನೀನು ಹಿಂದಿನ ಸಾಲಲ್ಲಿ ನಿಂತ್ಕೋ ಪುಟ್ಟಿ, ಎತ್ತರ ಇದೀಯಲ್ಲ" ಎಂದರು.

ನನ್ನ ಎತ್ತರ ಐದಡಿಗೆ ಒಂದಿಂಚು ಕಮ್ಮಿ. ನಾನು ಹೋಗಿ ನಿಂತೆ. ಮುಂದೆ ನಿಂತ ಚಿಕ್ಕಪ್ಪನ ಪೇಟದ ಹಿಂಭಾಗ ಬಿಟ್ಟರೆ ನನಗೆ ಏನೂ ಕಾಣುತ್ತಿರಲಿಲ್ಲ. ಅಮ್ಮ ನೋಡಿದಳು, ತಲೆ ತಗ್ಗಿಸಿದಳು. ಅದಕ್ಕೆ ಅವಳನ್ನು ನಾನು ಬಹಳ ವರ್ಷ ಕ್ಷಮಿಸಲಿಲ್ಲ.

ಮಾಮ ಅಂದು ಮದುವಣಗಿತ್ತಿಯನ್ನು ಮಂಟಪಕ್ಕೆ ಕರೆತಂದ ಸೋದರಮಾವ. ಅವರ ಜಾಗ ಅಕ್ಕನ ಪಕ್ಕದಲ್ಲಿ. ನೋಡುತ್ತೇನೆ, ಅವರು ರೇಷ್ಮೆ ಪಂಚೆ ಎತ್ತಿ ಹಿಡಿದುಕೊಂಡು ಹಿಂದಿನ ಸಾಲಿಗೆ ಬಂದು ನನ್ನ ಪಕ್ಕ ನಿಂತಿದ್ದಾರೆ. ಫೋಟೋದವನು ಕೂಗಿದ. "ಮಾಮನವ್ರು ಮುಂದೆ ಬನ್ನಿ ಸಾರ್!"

"ಎತ್ತರದವ್ರು ಹಿಂದೆ ಅಂತೆ ಕಣಪ್ಪಾ. ನಾನೂ ಎತ್ತರ ಇದೀನಿ" ಎಂದರು ಮಾಮ. ಅವರು ನನಗಿಂತ ಎರಡೇ ಬೆರಳು ಉದ್ದ. ಯಾರೋ ಕಿಸಕ್ಕನೆ ನಕ್ಕರು. ದೊಡ್ಡಮ್ಮನ ಮುಖ ಕಪ್ಪಿಟ್ಟಿತು. ಮಾಮ, "ಇಲ್ಲಾಂದ್ರೆ ಎತ್ತರದವ್ರು ಇಬ್ರೂ ಮುಂದೆ ಬರ್ತೀವಿ, ನೀವೇ ಹೇಳಿ" ಎಂದು, ಉತ್ತರಕ್ಕೆ ಕಾಯದೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಅಕ್ಕನ ಪಕ್ಕದಲ್ಲಿ ನಿಲ್ಲಿಸಿದರು. ಆ ಫೋಟೋದಲ್ಲಿ ನಾನು ಅಳುತ್ತಿದ್ದೇನೆ. ಆದರೆ ಮುಂದಿದ್ದೇನೆ.

ಅದಾಗಿ ಒಂದೆರಡು ತಿಂಗಳಿಗೆ ಅವರ ಮೇಜಿನ ಮೇಲೆ ನಗಾರಿ ಬಾರಿಸುವ ಒಬ್ಬ ಸಿಪಾಯಿಯನ್ನು ನೋಡಿದೆ. ಬಾಯಿಯ ಸುತ್ತ ಬಿಳಿ, ಎಡಗಣ್ಣಿನ ಸುತ್ತ ಬಿಳಿ. ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ ಮಾಮ, ನನ್ನ ಆಡ್ಕೊಳ್ಳಕ್ಕೆ ನಿಮಗೂ ಬೇರೆ ಏನೂ ಸಿಗ್ಲಿಲ್ವಾ?" ಎಂದೆ. ಅಷ್ಟು ಒರಟಾಗಿ ಅವರೊಡನೆ ಅದಕ್ಕೆ ಮೊದಲೂ ಮಾತಾಡಿರಲಿಲ್ಲ, ಆಮೇಲೂ ಮಾತಾಡಿಲ್ಲ.

ಮಾಮ ಕುಂಚ ಕೆಳಗಿಟ್ಟರು. "ಎರಡು ಸಾವಿರ ಜನದಲ್ಲಿ ಒಬ್ಬನಿಗಾದ್ರೂ ಇರಲ್ವೇನೇ ತೊನ್ನು? ಯಾರಿಗೂ ಇಲ್ಲ ಅಂದ್ರೆ ಅದು ಸುಳ್ಳು ದಂಡು. ಇಷ್ಟು ದಿನ ಬಿಟ್ಬಿಟ್ಟಿದ್ದೆ, ನನ್ನ ತಪ್ಪು" ಎಂದರು. ತಪ್ಪು ಎಂದದ್ದು ನನ್ನನ್ನು ಸಮಾಧಾನ ಮಾಡಲು ಅಲ್ಲ. ನಿಜವಾಗಿ ಒಂದು ಲೆಕ್ಕ ತಪ್ಪಿದವರ ಹಾಗೆ ಹೇಳಿದರು. ನಾನು ಆ ನಗಾರಿಯವನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಅವನಿಗೆ ತನ್ನ ಮುಖದ ಚಿಂತೆ ಇದ್ದ ಹಾಗೆ ಕಾಣಲಿಲ್ಲ, ನಗಾರಿಯ ಮೇಲೇ ಗಮನ.

ಮುಂದೆ ಒಂದು ಆಸ್ಪತ್ರೆಯವರು ನನಗೆ ಕೆಲಸ ಕೊಡುವಾಗ, ಒಳಗಿನ ಕಡತಗಳ ಕೋಣೆ ನಿನಗೆ ಅನುಕೂಲ ಎಂದರು. ಯಾರ ಅನುಕೂಲ ಎಂದು ಕೇಳಿದೆ. ಈಗ ಹದಿನೇಳು ವರ್ಷದಿಂದ ಬಾಗಿಲಿಗೆ ಎದುರಾಗಿ, ರಿಸೆಪ್ಷನ್‌ನಲ್ಲಿ ಕೂರುತ್ತಿದ್ದೇನೆ. ಬರುವವರು ಮೊದಲು ನೋಡುವುದು ನನ್ನ ಮುಖವನ್ನೇ.

ಮಾಮನ ಕೈ ನಡುಗಲು ಶುರುವಾದದ್ದು ಎಪ್ಪತ್ತು ದಾಟಿದ ಮೇಲೆ. ಮೊದಲು ಕಾಫಿ ಲೋಟ, ಆಮೇಲೆ ಅಂಗಿಯ ಗುಂಡಿ, ಆಮೇಲೆ ಮೀಸೆ. ಡಾಕ್ಟರು ಮಾತ್ರೆ ಕೊಟ್ಟು, ಇದು ಹೋಗುವುದಲ್ಲ, ಕೊಂಚ ತಗ್ಗಬಹುದು ಎಂದರು. ಅತ್ತೆ, ಅವರ ಮಗ, ನನ್ನ ಅಮ್ಮ, ಎಲ್ಲರೂ ಒಂದೇ ಮಾತು: ಸಾಕು ಮಾಡಿ. ಅಷ್ಟರಲ್ಲಿ ಇನ್ನೂ ಐನೂರು ಸಿಪಾಯಿಗಳು ಬೂದು ಬಣ್ಣದಲ್ಲೇ ಕಾಯುತ್ತಿದ್ದರು.

ಮಾಮ ಸಾಕು ಮಾಡಲಿಲ್ಲ. ಎರಡೂ ಮೊಣಕೈಯನ್ನು ರಾಗಿ ತುಂಬಿದ ಚೀಲದ ಮೇಲೆ ಊರಿ, ಮಣಿಕಟ್ಟಿಗೆ ಮಣಿಕಟ್ಟು ಆನಿಸಿಕೊಂಡು, ಕುಂಚವನ್ನು ಗಾಳಿಯಲ್ಲೇ ಹಿಡಿದು ಕಾಯುವರು. "ನಡುಕಕ್ಕೂ ಸುಸ್ತಾಗುತ್ತೆ ಕಣೇ. ಅದು ಉಸಿರು ತಗೊಳ್ಳೋವಾಗ ನಾವು ಒಂದು ಚುಕ್ಕಿ ಇಟ್ಬಿಡ್ಬೇಕು" ಎನ್ನುವರು. ದಿನಕ್ಕೆ ಹತ್ತು ಮುಖ ಆಗುತ್ತಿದ್ದ ಕಡೆ ಒಂದು ಮುಖ. ಅದೂ ಹುಬ್ಬು ಹಣೆಗೇರಿ, ಒಂದು ಕಣ್ಣು ಕೋಟೆ ಕಡೆ, ಇನ್ನೊಂದು ಪೇಟೆ ಕಡೆ. "ಇವರೆಲ್ಲ ಹೆದರಿದ ಹಾಗೆ ಕಾಣ್ತಾರೆ ಮಾಮ" ಎಂದೆ. "ಯುದ್ಧಕ್ಕೆ ಹೋಗೋನು ಹೆದರ್ದೆ ಇನ್ನೇನ್ ಮಾಡ್ತಾನೆ? ಮೊದಲು ಬರೆದಿದ್ದೆಲ್ಲ ಬಡಾಯಿ ಮುಖ" ಎಂದರು. ಹೀಗೆ ಸುಮಾರು ನೂರು ಜನರನ್ನು ಮುಗಿಸಿದರು.

ಬಸವನಗುಡಿಯ ಒಂದು ಸಭಾಂಗಣದಲ್ಲಿ ಇಂಥದೇ ಹುಚ್ಚಿನವರು ಸೇರಿ ಆಗಾಗ ಪ್ರದರ್ಶನ ಇಡುತ್ತಿದ್ದರು. ಆ ವರ್ಷ ಮಾಮನ ದಂಡಿಗೆ ನಡುವಿನ ದೊಡ್ಡ ಮೇಜು. ಸಂಘದ ಕಾರ್ಯದರ್ಶಿ ಮೊದಲೇ ಮನೆಗೆ ಬಂದು ಎಲ್ಲ ನೋಡಿಕೊಂಡು ಹೋದರು. ಒಳ್ಳೆಯ ಮನುಷ್ಯ, ಮಾತು ಬೆಣ್ಣೆ. "ಸರ್, ಎಲ್ಲಾ ಅದ್ಭುತವಾಗಿದೆ. ಈ ನೂರನ್ನ ಮಾತ್ರ ಸ್ವಲ್ಪ ಹಿಂದಿನ ಸಾಲಿಗೆ ಹಾಕ್ಬಿಡೋಣ. ಆನೆ ಹಿಂದೆ. ಟೇಬಲ್ ನೀಟಾಗಿ ಕಾಣ್ಸುತ್ತೆ" ಎಂದರು.

ಮಾಮ ಜಗಳ ಆಡುತ್ತಾರೆ ಎಂದು ನಾನು ಕಾದೆ. ಅವರು ಕೈಯನ್ನು ಟವೆಲಿನ ಕೆಳಗೆ ಮುಚ್ಚಿಕೊಂಡು, "ಆಗ್ಲಿ ಸಾರ್" ಎಂದರು.

ಅಂದಿನಿಂದ ಪ್ರದರ್ಶನದ ದಿನದವರೆಗೆ, ಎರಡು ತಿಂಗಳು, ಅವರು ಕುಂಚ ಮುಟ್ಟಲಿಲ್ಲ. ಉಗುರಿನ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಾ ಬಂತು. ಅತ್ತೆಗೆ ಮೊದಮೊದಲು ನೆಮ್ಮದಿಯಾಗಿತ್ತು, ಆಮೇಲೆ ಗಾಬರಿ. "ಬೈದ್ರೂ ಪರ್ವಾಗಿಲ್ಲ ಅಂತ ಬಣ್ಣದ ಡಬ್ಬಿ ನಾನೇ ಮುಂದೆ ಇಟ್ಟೆ ಕಣೇ. ನೋಡ್ಲೂ ಇಲ್ಲ" ಎಂದು ನನ್ನ ಹತ್ತಿರ ಅತ್ತರು. ಮನುಷ್ಯ ಬದುಕಿರುವಾಗಲೇ ಮನೆಯಿಂದ ಎದ್ದುಹೋದ ಹಾಗಿತ್ತು.

ಪ್ರದರ್ಶನದ ದಿನ ಬೆಳಿಗ್ಗೆ ಮೇಜು ಜೋಡಿಸಲು ನಾನೂ ಹೋದೆ. ನೇರಳೆ ಅಂಗಿಯವರು ಮುಂದೆ, ಠಾಕುಠೀಕಾಗಿ. ಹಿಂದೆ ಆನೆಗಳು. ಆನೆಗಳ ಹಿಂದೆ, ರಟ್ಟಿನ ಕೋಟೆಗೋಡೆಗೆ ಒತ್ತಿಕೊಂಡು, ಆ ನೂರು ಜನ. ಹಾಗೇ ಜೋಡಿಸಲು ಹೇಳಿದ್ದು ಮಾಮನೇ. ಅವರು ಮೂಲೆಯ ಕುರ್ಚಿಯಲ್ಲಿ ಕೈ ಮೇಲೆ ಟವೆಲ್ ಮುಚ್ಚಿಕೊಂಡು ಕೂತಿದ್ದರು.

ನಾನು ಮುಂದಿನ ಸಾಲನ್ನು ತೆಗೆಯಲು ಶುರುಮಾಡಿದೆ.

"ಏಯ್, ಏನ್ ಮಾಡ್ತಿದೀಯ? ಬೇಡ ಕಣೇ. ಅವು ಚೆನ್ನಾಗಿಲ್ಲ" ಎಂದರು ಮಾಮ.

"ಯಾರು ಹೇಳಿದ್ದು?"

"ಯಾರೋ ಯಾಕೆ ಹೇಳ್ಬೇಕು? ನನಗೇ ಕಾಣ್ಸುತ್ತಲ್ಲ. ನಾಚ್ಕೆ ಆಗುತ್ತೆ ಪುಟ್ಟಿ."

ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆನೆಗಳನ್ನು ಸರಿಸಿ, ಆ ನೂರು ಜನರನ್ನೂ ಒಬ್ಬೊಬ್ಬರಾಗಿ ಎತ್ತಿ ತಂದು ಮೇಜಿನ ತೀರಾ ಅಂಚಿಗೆ, ನೋಡುವವರ ಹೊಟ್ಟೆಗೆ ತಾಗುವ ಹಾಗೆ ನಿಲ್ಲಿಸಿದೆ. ಕಾರ್ಯದರ್ಶಿ ಓಡಿ ಬಂದರು. "ಮೇಡಂ, ಮೇಡಂ, ಇದು ಹಿಂದಿನ ಸಾಲು..."

"ಇಲ್ಲ ಸಾರ್" ಎಂದೆ. "ಇವರು ಎತ್ತರ ಇದಾರೆ. ಎತ್ತರದವ್ರು ಮುಂದೆ."

ಕಾರ್ಯದರ್ಶಿಗೆ ಏನೂ ಅರ್ಥವಾಗಲಿಲ್ಲ. ಮೂಲೆಯ ಕುರ್ಚಿಯಿಂದ ಒಂದು ಸದ್ದು ಬಂತು. ಮಾಮ ನಗುತ್ತಿದ್ದರು. ನಗುತ್ತಾ ನಗುತ್ತಾ ಟವೆಲಿನಿಂದ ಕಣ್ಣು ಒರೆಸಿಕೊಂಡರು, ಆಗ ಎರಡೂ ಕೈ ಹೊರಗೆ ಬಂದವು. ಎದ್ದು ಬಂದು ಮೇಜಿನ ಎದುರು ನಿಂತು, ಓರೆಯಾಗಿ ನಿಂತಿದ್ದ ಒಬ್ಬನನ್ನು ಸರಿ ಮಾಡಲು ಹೋಗಿ ಮೂವರನ್ನು ಬೀಳಿಸಿದರು. ಕಾರ್ಯದರ್ಶಿ ಎತ್ತಿಕೊಡಲು ಬಗ್ಗಿದರೆ, "ಬಿಡಿ ಸಾರ್, ನಮ್ಮ ಜನ, ನಾನೇ ಎತ್ತುತೀನಿ" ಎಂದರು. ಮೂವರನ್ನು ಎತ್ತಲು ಅವರಿಗೆ ಐದು ನಿಮಿಷ ಹಿಡಿಯಿತು. ನಾವೆಲ್ಲ ಕಾದೆವು.

ಬಹುಮಾನ ಬರಲಿಲ್ಲ. ನಮಗದು ಬೇಕೂ ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬರಬೇಕಿತ್ತು, ಕೊಡಲಿಲ್ಲ. ಆಟೋದಲ್ಲಿ ವಾಪಸ್ ಬರುವಾಗ ಮಾಮ, "ನಾಳೆ ಹತ್ತು ಜನಕ್ಕೆ ಅಂಗಿ ಹಾಕ್ಬೇಕು. ನೇರಳೆ ಒಣಗಿಹೋಗಿದೆಯೋ ಏನೋ" ಎಂದರು.

ಆಮೇಲೆ ಮೂರು ವರ್ಷ ಬರೆದರು. ನಡುಕ ಜಾಸ್ತಿಯಾಯಿತೇ ಹೊರತು ಕಮ್ಮಿಯಾಗಲಿಲ್ಲ. ಕಡೆಕಡೆಗೆ ಒಂದು ಮುಖಕ್ಕೆ ನಾಲ್ಕು ದಿನ ಬೇಕಾಗುತ್ತಿತ್ತು. ಮನೆಗೆ ಬಂದವರ ಮುಂದೆ ಕೈ ಮುಚ್ಚಿಕೊಳ್ಳುವುದನ್ನು ಮಾತ್ರ ಬಿಟ್ಟರು. ಕಾಫಿ ಚೆಲ್ಲಿದರೆ ಚೆಲ್ಲಿತು. ಹೋದ ವರ್ಷ ಆಷಾಢದಲ್ಲಿ ಜ್ವರ ಬಂದು, ಎದೆಯಲ್ಲಿ ಕಫ ಕಟ್ಟಿ, ವಾರದೊಳಗೆ ಹೋಗಿಬಿಟ್ಟರು. ಇನ್ನೂ ಇನ್ನೂರಕ್ಕೂ ಹೆಚ್ಚು ಸಿಪಾಯಿಗಳು ಬೂದು ಬಣ್ಣದಲ್ಲೇ ಉಳಿದಿದ್ದಾರೆ. ಸಂಘದವರು ಬರೆದು ಮುಗಿಸಿಕೊಡುತ್ತೇವೆ ಎಂದು ಕೇಳಿಕೊಂಡು ಬಂದಾಗ ಅತ್ತೆ, "ಬೇಡಪ್ಪ. ಅವ್ರ ಮುಖ ಇವ್ರಿಗೊಬ್ರಿಗೇ ಗೊತ್ತಿತ್ತು" ಎಂದು ಕಾಫಿ ಕೊಟ್ಟು ಕಳಿಸಿದರು.

ಮಣ್ಣು ಮಾಡಿದ ದಿನದ ಒಂದು ಸಂಗತಿ ಉಳಿದಿದೆ. ರುದ್ರಭೂಮಿಯಲ್ಲಿ ಅವರನ್ನು ಕೂರಿಸಿ, ವಿಭೂತಿ, ಬಿಲ್ವಪತ್ರೆ ಎಲ್ಲ ಇಟ್ಟ ಮೇಲೆ, ಒಬ್ಬೊಬ್ಬರಾಗಿ ಬಂದು ಮಣ್ಣು ಹಾಕಬೇಕು. ಜನ ಗುಂಪುಗೂಡಿತ್ತು. ನಾನು ಮುಂದೆ ಹೋದೆ. ನೆಂಟರಲ್ಲಿ ಹಿರಿಯರೊಬ್ಬರು, "ಹೆಂಗಸ್ರು ಸ್ವಲ್ಪ ಹಿಂದೆ ಇರಿ" ಎಂದರು. ನಾನು ಅವರ ಮುಖವನ್ನೇ ನೋಡಿದೆ. ಅವರು ಪಕ್ಕಕ್ಕೆ ಸರಿದರು.

ಬೊಗಸೆಯಲ್ಲಿ ಮಣ್ಣು ತೆಗೆದುಕೊಂಡೆ. ಕೈ ನಡುಗಲು ಶುರುವಾಯಿತು. ಬೆರಳ ಸಂದಿಯಿಂದ ಮಣ್ಣೆಲ್ಲ ಉದುರತೊಡಗಿತು. ಹಿಂದಿನಿಂದ ಯಾರೋ, "ಅವಳ ಕೈ ಹಿಡ್ಕೊಳ್ರೋ, ಬಿದ್ಗಿದ್ದಾಳು" ಎಂದರು. ಬೇಡ ಎಂದೆ. ನಡುಕ ನಿಲ್ಲಲಿ ಎಂದು ಕಾಯಲಿಲ್ಲ. ಎಲ್ಲರಿಗೂ ಕಾಣುವ ಹಾಗೆ, ನಡುಗುವ ಕೈಯಿಂದಲೇ, ನಮ್ಮ ಮಾಮನಿಗೆ ಮಣ್ಣು ಹಾಕಿದೆ.